ಅಂಬುಜಾಪುರದ ಭಾನುವಾರಗಳು

ಜೂನ್ 9, ಸೋಮವಾರ

ದಿನಾ ಏನಾದರೂ ಬರೆಯಿರಿ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಯಾರಿಗೂ ತೋರಿಸಬೇಕಾಗಿಲ್ಲವಂತೆ. ಹತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ನಾನು ಬರೆದದ್ದು ಇಂಜಿನ್ನಿನ ಲಾಗ್ ಬುಕ್ ಒಂದೇ. ಇದನ್ನೂ ಹಾಗೆಯೇ ಬರೆಯುತ್ತೇನೆ.

ಹೆಸರು ಭೈರೇಶ್. ವಯಸ್ಸು ನಲವತ್ನಾಲ್ಕು. ಲೋಕೋ ಪೈಲಟ್, ಅಂದರೆ ರೈಲು ಓಡಿಸುವವನು. ಮೇ 21ರಿಂದ ರಜೆ. ನಿದ್ದೆ ಎರಡು ಗಂಟೆ. ಬಲಗೈ ನಡುಗುತ್ತದೆ.

ಜೂನ್ 11, ಬುಧವಾರ

ಕಲ್ಮೇಶ್ ಫೋನ್ ಮಾಡಿದ್ದ. ತೆಗೆಯಲಿಲ್ಲ.

ಜೂನ್ 14, ಶನಿವಾರ

ನಡೆದದ್ದನ್ನು ಒಂದು ಸಲ ಬರೆದುಬಿಡುತ್ತೇನೆ.

ಮೇ 21, ಬೆಳಿಗ್ಗೆ 6.52. ಮೈಸೂರಿನಿಂದ ಬೆಂಗಳೂರಿಗೆ ಬರುವ ಪ್ಯಾಸೆಂಜರ್. ಪಕ್ಕದಲ್ಲಿ ನನ್ನ ಸಹಾಯಕ ಕಲ್ಮೇಶ್. ತಿರುವು ಮುಗಿದು ನೇರ ದಾರಿ ಕಂಡಾಗ ಒಬ್ಬ ಮನುಷ್ಯ ಊಟದ ಬ್ಯಾಗು ಹಿಡಿದುಕೊಂಡು ಹಳಿ ದಾಟುತ್ತಿದ್ದ. ಹಾರ್ನ್ ಹೊಡೆದೆ. ಎಮರ್ಜೆನ್ಸಿ ಬ್ರೇಕ್ ಹಾಕಿದೆ. ಆ ವೇಗದಲ್ಲಿರುವ ಗಾಡಿ ನಿಲ್ಲಲು ಅರ್ಧ ಕಿಲೋಮೀಟರಿಗಿಂತ ಹೆಚ್ಚು ದಾರಿ ಬೇಕು. ಅವನಿಗೂ ನನಗೂ ನಡುವೆ ಅಷ್ಟು ದಾರಿ ಇರಲಿಲ್ಲ. ಅವನು ತಲೆ ಎತ್ತಿ ನನ್ನನ್ನು ನೋಡಿದ.

ಹೆಸರು ದುಂಡಪ್ಪ ಎಂದು ಮಾರನೆಯ ದಿನ ಪೇಪರಿನಲ್ಲಿ ಓದಿದೆ. ಐವತ್ತೆರಡು ವರ್ಷ. ಕಾರ್ಖಾನೆಯೊಂದರಲ್ಲಿ ವಾಚ್‌ಮನ್. ವಿಚಾರಣೆಯಲ್ಲಿ ನನ್ನ ತಪ್ಪಿಲ್ಲವೆಂದು ಬರೆದರು. ಹಾರ್ನ್ ಸರಿಯಾದ ಹೊತ್ತಿಗೇ ಬಿದ್ದಿದೆ ಎಂದು ಇಂಜಿನ್ನಿನಲ್ಲಿ ದಾಖಲೆ ಇಡುವ ಯಂತ್ರ ತೋರಿಸಿತು. ಯಂತ್ರ ಅವನ ಮುಖ ನೋಡಿಲ್ಲ.

ನಮ್ಮ ಮನೆ ಇರುವುದು ಕೆಂಗೇರಿ ಉಪನಗರದಲ್ಲಿ. ಸ್ಟೇಷನ್ ಕಡೆಯ ಹಾರ್ನ್ ಮನೆಗೆ ಕೇಳಿಸುತ್ತದೆ. ಹೆಂಡತಿ ಕುಸುಮಾ ಮಂಚವನ್ನು ಹಿಂದಿನ ಕೋಣೆಗೆ ಹಾಕಿಸಿದ್ದಾಳೆ. ಅಲ್ಲಿಗೂ ಕೇಳಿಸುತ್ತದೆ, ಅವಳಿಗೆ ಹೇಳಿಲ್ಲ. ಆಫೀಸು ಕೆಲಸಕ್ಕೆ ಹಾಕಿಕೊಡಿ ಎಂದು ಇಂದು ಅರ್ಜಿ ಬರೆದೆ. ತಾರೀಖು ಹಾಕಿಲ್ಲ.

ಜೂನ್ 19, ಗುರುವಾರ

ಹಿಂದಿನ ರಸ್ತೆಯ ಸೇತುರಾಮ ಮೇಷ್ಟ್ರು ಬಂದಿದ್ದರು. ಪಾಲಿಟೆಕ್ನಿಕ್ಕಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದವರು, ಈಗ ರಿಟೈರ್ ಆಗಿದ್ದಾರೆ. ಅವರ ಮನೆಯ ಮಹಡಿಯಲ್ಲಿ ಆಟದ ರೈಲು ಇದೆ ಎಂದು ಕೇಳಿದ್ದೆ.

"ನಮ್ಮ ಸ್ಟೇಷನ್‌ಗೆ ಸಿಗ್ನಲ್ ಹಾಕ್ಬೇಕಿತ್ತು ಭೈರೇಶ್. ಎಲ್ಲಿ ನಿಲ್ಸೋದು ಅಂತ ಗೊತ್ತಾಗ್ತಿಲ್ಲ. ಭಾನುವಾರ ಒಂದು ಹತ್ತು ನಿಮಿಷ ಬಂದು ಹೋಗ್ತೀರಾ?"

"ಸಾರ್, ನಾನೀಗ ರೈಲಿನ ವಿಷಯ ಮಾತಾಡ್ತಾ ಇಲ್ಲ."

"ಮಾತಾಡ್ಬೇಡಿ. ಬೆರಳು ತೋರಿಸಿದ್ರೆ ಸಾಕು."

ಕಾಫಿ ಕುಡಿದು ಹೋದರು. ಕುಸುಮಾ ಅವರನ್ನು ಗೇಟಿನವರೆಗೂ ಬಿಟ್ಟು ಬಂದಳು. ನಾನು ಹೋಗುವುದಿಲ್ಲ.

ಜೂನ್ 22, ಭಾನುವಾರ

ಹೋಗಿದ್ದೆ. ಕುಸುಮಾ ಬೆಳಗಿನಿಂದ ಹಿಂದೆ ಬಿದ್ದಿದ್ದಳು, ಅದಕ್ಕೇ.

ಮಹಡಿಯ ಕೋಣೆ ತುಂಬ ಪ್ಲೈವುಡ್ ಮೇಜು. ಅದರ ಮೇಲೆ ಹಳಿ, ಬಂಡೆ, ಕೆರೆ, ತೆಂಗಿನ ಮರ, ಎರಡು ಪ್ಲಾಟ್‌ಫಾರಂ ಇರುವ ಸ್ಟೇಷನ್. ಎಲ್ಲವೂ ನಿಜದ ಅಳತೆಯ ಎಂಬತ್ತೇಳರಲ್ಲಿ ಒಂದು ಪಾಲು. ಇಂಜಿನ್ ನನ್ನ ಒಂದು ಗೇಣಿನಷ್ಟು ಉದ್ದ. ಹಳದಿ ಬೋರ್ಡಿನಲ್ಲಿ ಕನ್ನಡ, ಹಿಂದಿ, ಇಂಗ್ಲಿಷಿನಲ್ಲಿ 'ಅಂಬುಜಾಪುರ' ಎಂದು ಬರೆದು, ಕೆಳಗೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂಬುದನ್ನೂ ಹಾಕಿದ್ದರು.

"ನನ್ನ ಹೆಸರಲ್ಲಿ ಒಂದು ಸೈಟ್ ತಗೊಳ್ರಿ ಅಂದ್ರೆ ಸ್ಟೇಷನ್ ಕಟ್ಟಿದ್ರು. ಅದೂ ಪ್ಲೈವುಡ್‌ದು" ಎಂದರು ಮೇಷ್ಟ್ರ ಹೆಂಡತಿ ಅಂಬುಜಮ್ಮ.

ಇನ್ನಿಬ್ಬರು ಇದ್ದರು. ರಾಗಿಣಿ ರಾಜಾಜಿನಗರದಲ್ಲಿ ಹಲ್ಲಿನ ಡಾಕ್ಟರು. ಹಲ್ಲು ಕೆರೆಯುವ ಉಪಕರಣಗಳಿಂದಲೇ ಹೆಬ್ಬೆರಳ ಉಗುರಿನಷ್ಟು ಎತ್ತರದ ಜನರನ್ನು ಮಾಡಿ ಬಣ್ಣ ಹಚ್ಚುತ್ತಾರೆ. ಮುತ್ತುರಾಜ ಬ್ಯಾಡರಹಳ್ಳಿಯ ಬಡಗಿ. ಐದು ವರ್ಷದ ಹಿಂದೆ ಮೇಜು ಮಾಡಿಕೊಡಲು ಬಂದವನು ಆಮೇಲೆ ಒಂದು ಭಾನುವಾರವೂ ತಪ್ಪಿಸಿಲ್ಲವಂತೆ. ದೊಡ್ಡವರು ಮೂವರು ಒಂದು ಆಟದ ಗಾಡಿಗಾಗಿ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ನನಗೆ ಸಿಟ್ಟು ಬಂತು. ಸುಮ್ಮನೆ ವಾಪಸ್ ಬರಬಹುದಿತ್ತು. ಆದರೆ ಗಾಡಿಗೆ ಸ್ಟೇಷನ್ನಿನೊಳಗೆ ಬರಲು ಅನುಮತಿ ಕೊಡುವ ಹೋಮ್ ಸಿಗ್ನಲ್ ಕಣ್ಣಿಗೆ ಬಿತ್ತು.

"ಸಾರ್, ಇದು ಸ್ಟೇಷನ್ ಹೊರಗಿರ್ಬೇಕು! ಒಳಗೆ ಬಂದ್ಮೇಲೆ ಬಾಗಿಲು ತಟ್ದಂಗಾಯ್ತು ಇದು!"

"ಹೌದಾ? ಹಾಗಾದ್ರೆ ಎಲ್ಲಿ?" ಎಂದರು ಮೇಷ್ಟ್ರು.

ತೋರಿಸಿದೆ. ಆಮೇಲೆ ನೋಡಿದರೆ, ಗಾಡಿ ಹೊರಡಿಸುವ ಸ್ಟಾರ್ಟರ್ ಸಿಗ್ನಲ್ ಕೂಡ ತಪ್ಪು ಜಾಗದಲ್ಲಿತ್ತು. ಹಳಿ ಕವಲೊಡೆಯುವ ಪಾಯಿಂಟಿನ ಹತ್ತಿರದ ದೀಪವೂ. ನಡುವೆ ಒಂದು ಸಲ ತಿರುವಿನಲ್ಲಿ ಗಾಡಿ ಹಳಿ ತಪ್ಪಿ ಮಗುಚಿತು. ನನ್ನ ಕೈ ಇಲ್ಲದ ಬ್ರೇಕಿನ ಕಡೆ ಹೋಯಿತು. ಮುತ್ತುರಾಜ ಎರಡು ಬೆರಳಲ್ಲಿ ಎತ್ತಿ ಹಳಿಯ ಮೇಲಿಟ್ಟ. ಅಷ್ಟೇ. ಗಾಡಿ ಮುಂದೆ ಹೋಯಿತು.

ಮನೆಗೆ ಬಂದಾಗ ಮಧ್ಯಾಹ್ನ ಎರಡೂವರೆ. ಅಂಬುಜಮ್ಮನವರ ಬಿಸಿಬೇಳೆಬಾತು ಚೆನ್ನಾಗಿತ್ತು. ಇನ್ನು ಹೋಗುವ ಅಗತ್ಯವಿಲ್ಲ. ಸಿಗ್ನಲ್ ತೋರಿಸಿಯಾಯಿತು.

ಜೂನ್ 29, ಭಾನುವಾರ

ಕ್ಯಾಬಿನಲ್ಲಿ ಪೈಲಟ್, ಸಹಾಯಕ ಇಬ್ಬರೂ ಪ್ರತಿ ಸಿಗ್ನಲ್ಲನ್ನೂ ಕೈ ಚಾಚಿ ತೋರಿಸಿ ಗಟ್ಟಿಯಾಗಿ ಕೂಗಬೇಕು. ಒಬ್ಬನ ಕಣ್ಣು ತಪ್ಪಿದರೆ ಇನ್ನೊಬ್ಬನ ಬಾಯಿ ಇರಲಿ ಎಂದು ಈ ನಿಯಮ. ಇವರು ಬಾಯಿ ಮುಚ್ಚಿಕೊಂಡು ಓಡಿಸುತ್ತಿದ್ದರು. ನೋಡಲಾಗಲಿಲ್ಲ, ಕಲಿಸಿದೆ. ಮುತ್ತುರಾಜ "ಹಸಿರು!" ಎಂದು ಕೂಗಿದ್ದಕ್ಕೆ ಪಕ್ಕದ ಮನೆಯ ನಾಯಿ ಬೊಗಳಿತು. ರಾಗಿಣಿ ಮೇಡಂ ಮಾತ್ರ ಪಿಸುಗುಟ್ಟುತ್ತಿದ್ದರು.

"ಮೇಡಂ, ದಿನಾ ಎಲ್ಲರ ಬಾಯಿ ತೆಗೆಸೋರು ನೀವು. ಇಲ್ಲಿ ನೀವೇ ಬಾಯಿ ಬಿಡ್ದಿದ್ರೆ ಹೆಂಗೆ?"

ಎಲ್ಲರೂ ನಕ್ಕರು. ರಾತ್ರಿ ಊಟಕ್ಕೆ ಕೂತಾಗ ಇದನ್ನು ಕುಸುಮಾಗೆ ಹೇಳಿದೆ. ಅವಳು ಸಾರು ಬಡಿಸುವುದನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು. ಯಾಕೋ ಗೊತ್ತಿಲ್ಲ.

ಜುಲೈ 4, ಶುಕ್ರವಾರ

ಅಂಬುಜಾಪುರಕ್ಕೆ ಟೈಮ್‌ಟೇಬಲ್ ಬರೆಯುತ್ತಿದ್ದೇನೆ. ದಿನಕ್ಕೆ ಆರು ಗಾಡಿ. ಎದುರು ಬದುರು ಬರುವ ಎರಡು ಗಾಡಿಗಳನ್ನು ಹೊಂದಿಸುವುದು ಕಷ್ಟವಾಗುತ್ತಿದೆ. ಮೂರು ಹಾಳೆ ಹರಿದು ಹಾಕಿದೆ.

ನಿದ್ದೆ ನಾಲ್ಕೂವರೆ ಗಂಟೆ. ಡಾಕ್ಟರು ಮಾತ್ರೆ ಬದಲಾಯಿಸಿದ್ದಕ್ಕೇ ಇರಬೇಕು.

ಜುಲೈ 13, ಭಾನುವಾರ

ರಾಗಿಣಿ ಮೇಡಂ ಹನ್ನೆರಡು ಹೊಸ ಜನರನ್ನು ತಂದಿದ್ದರು. ಹೂ ಮಾರುವವಳು, ಕೂಲಿ, ಟೀ ಕ್ಯಾನಿನವನು. ನಾನು ಕಂಟ್ರೋಲರ್ ಹಿಡಿದು ಪ್ಯಾಸೆಂಜರ್ ಓಡಿಸುತ್ತಿದ್ದೆ. ಕೆರೆಯ ಬಳಿಯ ತಿರುವು ಮುಗಿದಾಗ ಹಳಿಯ ಮೇಲೆ ಒಬ್ಬ ಮನುಷ್ಯ. ಕೈಯಲ್ಲಿ ಬ್ಯಾಗು. ಒಂದು ಕಾಲು ಮುಂದೆ.

ಗಾಡಿ ನಿಲ್ಲಿಸಿದೆ. ಆ ಗೊಂಬೆಯನ್ನು ಕಿತ್ತುಕೊಂಡೆ. "ಯಾರಿದನ್ನ ಇಟ್ಟಿದ್ದು? ಹಳಿ ಮೇಲೆ ಮನುಷ್ಯನ್ನ ಇಡ್ತಾರೇನ್ರಿ? ಬುದ್ಧಿ ಇದೆಯಾ ನಿಮಗೆ?" ಎಂದು ಕಿರುಚಿದೆ. ಮುಷ್ಟಿ ಬಿಚ್ಚಿದಾಗ ಗೊಂಬೆ ಎರಡು ತುಂಡಾಗಿತ್ತು. ರಾಗಿಣಿ ಮೇಡಂ ಗೋಡೆಗೆ ಒರಗಿ ನಿಂತಿದ್ದರು. ನಾನು ಬರಿಗಾಲಲ್ಲಿ ಮನೆಗೆ ಬಂದೆ.

ಜುಲೈ 14

ಕಲ್ಮೇಶ್ ಮತ್ತೆ ಫೋನ್ ಮಾಡಿದ್ದ. ತೆಗೆಯಲಿಲ್ಲ.

ಜುಲೈ 17, ಗುರುವಾರ

ಒಂದು ಗೊಂಬೆ ಮಾಡುವುದಕ್ಕೆ ರಾಗಿಣಿ ಮೇಡಂಗೆ ಎರಡು ಗಂಟೆ ಬೇಕು. ಕ್ಲಿನಿಕ್ ಮುಗಿಸಿ ಬಂದು ಕಣ್ಣಿಗೆ ಭೂತಗನ್ನಡಿ ಹಾಕಿಕೊಂಡು ಮಾಡುತ್ತಾರೆ. ಅವರಿಗೇನು ಗೊತ್ತಿತ್ತು? ಕ್ಷಮಿಸಿ ಎಂದು ಮೆಸೇಜ್ ಬರೆದು ಅಳಿಸಿದೆ. ಅರ್ಜಿಗೆ ತಾರೀಖು ಹಾಕಬೇಕು.

ಜುಲೈ 27, ಭಾನುವಾರ

ಕಳೆದ ವಾರ ಹೋಗಿರಲಿಲ್ಲ. ಇವತ್ತು ಬೆಳಿಗ್ಗೆ ಅಂಬುಜಮ್ಮನವರೇ ಪ್ಲಾಸ್ಟಿಕ್ ಕವರಿನಲ್ಲಿ ನನ್ನ ಚಪ್ಪಲಿ ಹಿಡಿದು ಬಂದರು.

"ಎರಡು ವಾರದಿಂದ ಇದು ನಮ್ಮ ಬಾಗಿಲಲ್ಲಿದೆ. ಬಂದೋರೆಲ್ಲ ಒಳಗೆ ಯಾರೋ ಗಂಡಸರು ಬಂದಿದಾರೆ ಅಂದ್ಕೊಂಡು ವಾಪಸ್ ಹೋಗ್ತಾರೆ. ಹಾಕ್ಕೊಳ್ಳಿ, ನಡೀರಿ."

ಅವರ ಹಿಂದೆ ಹೋದೆ. ಏನು ಹೇಳಬೇಕೆಂದು ಮೆಟ್ಟಿಲು ಹತ್ತುವಾಗಲೂ ಗೊತ್ತಿರಲಿಲ್ಲ. ಒಳಗೆ ಮೂವರೂ ಇದ್ದರು. ಕೆರೆಯ ಬಳಿ, ಆ ಗೊಂಬೆ ನಿಂತಿದ್ದ ಜಾಗದಲ್ಲಿ, ಒಂದು ಮೇಲ್ಸೇತುವೆ. ತೇಗದ ಚೂರುಗಳಿಂದ ಮುತ್ತುರಾಜ ಕಟ್ಟಿದ್ದು. ಹಲ್ಲಿಗೆ ಹಾಕುವ ತಂತಿಯಿಂದ ರಾಗಿಣಿ ಮೇಡಂ ಕಂಬಿ ಮಾಡಿದ್ದಾರೆ. ಹಳಿಯ ಎರಡೂ ಬದಿಗೆ ಉದ್ದಕ್ಕೂ ಬೇಲಿ. ಅಂಬುಜಾಪುರದ ಜನರೆಲ್ಲ ಒಂದೋ ಪ್ಲಾಟ್‌ಫಾರಂ ಮೇಲಿದ್ದರು, ಇಲ್ಲವೇ ಸೇತುವೆಯ ಮೇಲೆ. ಹಳಿಯ ಮೇಲೆ ಒಬ್ಬರೂ ಇರಲಿಲ್ಲ.

ಯಾರೂ ಆ ದಿನದ ಮಾತೆತ್ತಲಿಲ್ಲ. "ಸಾರ್, ಮೆಟ್ಟಿಲು ಸರಿಯಾಗಿದ್ಯಾ ನೋಡಿ. ವಯಸ್ಸಾದವರಿಗೆ ಹತ್ತೋಕೆ ಕಷ್ಟ ಆಗತ್ತೇನೋ" ಎಂದರು ರಾಗಿಣಿ ಮೇಡಂ.

ಮೆಟ್ಟಿಲು ಎಣಿಸಿದೆ. ಮೂವತ್ತಾರು. ಎಣಿಸುತ್ತ ಎಣಿಸುತ್ತ ಹೇಳಲು ಶುರುಮಾಡಿದೆ. ದುಂಡಪ್ಪನ ಹೆಸರು ಹೇಳಿದೆ. ಊಟದ ಬ್ಯಾಗು, ತಿರುವು, ಅವನು ತಲೆ ಎತ್ತಿದ್ದು, ಎಲ್ಲ. ಕುಸುಮಾಗೂ ಅಷ್ಟು ಹೇಳಿರಲಿಲ್ಲ.

 ಆಮೇಲೆ ಮುತ್ತುರಾಜ ಉಳಿ ಒರೆಸುತ್ತ ಹೇಳಿದ: "ನಂಗೇನೂ ಗೊತ್ತಾಗಲ್ಲ ಸಾರ್. ಆದ್ರೆ ಆವಯ್ಯ ಕೊನೇಗ್ ನೋಡಿದ್ದು ಒಬ್ಬ ಮನುಷ್ಯನ ಮುಖ. ಅವನ್ನ ಉಳಿಸ್ಕೊಳ್ಳೋಕೆ ಒದ್ದಾಡ್ತಿದ್ದೋನ ಮುಖ. ಅದು ಅವನ್ಗೂ ಕಂಡಿರತ್ತೆ."

ಕಣ್ಣೀರು ಬಂತು. ಬರಲಿ ಎಂದು ಬಿಟ್ಟೆ. ಅಂಬುಜಮ್ಮ ಮಜ್ಜಿಗೆ ತಂದುಕೊಟ್ಟರು.

ಇವರಿಗೆ ನಾನೇನೂ ಆಗಬೇಕಾಗಿಲ್ಲ. ನೆಂಟನಲ್ಲ, ಜೊತೆ ಕೆಲಸ ಮಾಡುವವನಲ್ಲ. ಎರಡು ವಾರ ತಮ್ಮ ಕೆಲಸ ಬಿಟ್ಟು ನನಗಾಗಿ ಒಂದು ಸೇತುವೆ ಕಟ್ಟಿದ್ದಾರೆ.

ಆಗಸ್ಟ್ 3, ಭಾನುವಾರ

ಸ್ಕೇಲು ಹುಡುಕುತ್ತ ಮೇಷ್ಟ್ರ ಕಪಾಟು ತೆಗೆದೆ. ಅಲ್ಲಿ ಸಿಗ್ನಲ್ ನಿಯಮಗಳ ಹಳೆಯ ಪುಸ್ತಕವಿತ್ತು. ಹೋಮ್ ಸಿಗ್ನಲ್ ಎಲ್ಲಿರಬೇಕು ಎಂಬ ಪುಟದಲ್ಲಿ ಪೆನ್ಸಿಲ್ ಗೆರೆ, ಅಂಚಿನಲ್ಲಿ ಅವರದೇ ಅಕ್ಷರದಲ್ಲಿ ಅಳತೆ, ನಾಲ್ಕು ವರ್ಷದ ಹಿಂದಿನ ತಾರೀಖು. ಅವರಿಗೆ ಎಲ್ಲ ಗೊತ್ತಿತ್ತು. ಕುಸುಮಾ ಅಂಬುಜಮ್ಮನ ಹತ್ತಿರ ಹೇಳಿಕೊಂಡಿದ್ದಳೆಂದು ಕಾಣುತ್ತದೆ. ನನ್ನನ್ನು ಕರೆಸಲು ಸರಿಯಾಗಿದ್ದ ಸಿಗ್ನಲ್ಲನ್ನು ಕಿತ್ತು ತಪ್ಪು ಜಾಗಕ್ಕೆ ನೆಟ್ಟಿದ್ದಾರೆ.

ಪುಸ್ತಕ ಇದ್ದಲ್ಲೇ ಇಟ್ಟು ಬಂದೆ.

"ಮೇಷ್ಟ್ರೇ, ಪಕ್ಕಕ್ಕೆ ಹೋಗೋ ಲೂಪ್ ಲೈನಿಗೆ ಸ್ಪೀಡ್ ಎಷ್ಟಿರ್ಬೇಕು ಗೊತ್ತಾ?"

"ಗೊತ್ತಿಲ್ಲ, ನೀವೇ ಹೇಳಿ" ಎಂದರು, ಕನ್ನಡಕ ಸರಿಮಾಡಿಕೊಳ್ಳುತ್ತ.

ಹೇಳಿಕೊಟ್ಟೆ.

ಆಗಸ್ಟ್ 19, ಮಂಗಳವಾರ

ಮೊನ್ನೆ ಭಾನುವಾರ ಮುತ್ತುರಾಜ ಕೇಳಿದ: "ಸಾರ್, ದಿಟದ ಗಾಡೀಲಿ ನಿಮ್ ಪಕ್ಕ ಕೂತು ಕೂಗೋರು ಯಾರು?"

"ಕಲ್ಮೇಶ್ ಅಂತ. ಗದಗದ ಕಡೆಯವನು."

"ಆವತ್ತೂ ಅವರೇ ಇದ್ರಾ? ಈಗ ಹೆಂಗವ್ರೆ?"

 ಮೂರು ತಿಂಗಳಿಂದ ಅವನ ಒಂದು ಫೋನನ್ನೂ ನಾನು ತೆಗೆದಿರಲಿಲ್ಲ.

ಇಂದು ಸಂಜೆ ಅವನ ರೂಮಿಗೆ ಹೋದೆ. ಬಾಗಿಲು ತೆರೆದವನು ನನ್ನನ್ನು ನೋಡಿ ನಿಂತೇಬಿಟ್ಟ. ಇಪ್ಪತ್ತೇಳು ವರ್ಷದವನು, ಕಣ್ಣು ಗುಳಿ ಬಿದ್ದಿದೆ. ಆ ಘಟನೆಯಾದ ಹತ್ತನೇ ದಿನಕ್ಕೆ ಡ್ಯೂಟಿಗೆ ಹೋದನಂತೆ. ಚೆನ್ನಾಗಿದ್ದೇನೆ ಎಂದು ಅವನೇ ಬರೆದುಕೊಟ್ಟಿದ್ದಾನೆ.

"ಆ ಜಾಗಾ ಬಂದಾಗ ಕಣ್ಣು ಮುಚ್ಕೋತೇನ್ರಿ ಸರ. ಮೂರು ಸೆಕೆಂಡ್. ಆಮ್ಯಾಲ ತೆಗೀತೇನಿ. ಯಾರ ಮುಂದ ಹೇಳ್ಲಿ? ನಿಮ್ಮ ಮುಂದ ಹೇಳ್ಬೇಕಂತ ಫೋನ್ ಮಾಡಿದ್ದೆ."

ಹನ್ನೊಂದು ಸಲ ಮಾಡಿದ್ದ. ಫೋನಿನಲ್ಲಿ ನೋಡಿದೆ.

ನಾನು ತಪ್ಪು ಮಾಡಿದ್ದು ಮೇ 21ರಂದು ಅಲ್ಲ. ಆಮೇಲೆ. ಹಾಗೆಂದು ಅವನಿಗೂ ಹೇಳಿದೆ. ನಾಳೆ ಇಬ್ಬರೂ ಡಾಕ್ಟರಮ್ಮನ ಹತ್ತಿರ ಹೋಗುತ್ತಿದ್ದೇವೆ. ಭಾನುವಾರ ಅವನನ್ನು ಮೇಷ್ಟ್ರ ಮನೆಗೆ ಕರೆದುಕೊಂಡು ಹೋಗುತ್ತೇನೆ.

ಆಗಸ್ಟ್ 24, ಭಾನುವಾರ

ಕಲ್ಮೇಶನಿಗೆ ಡಾಕ್ಟರಮ್ಮ ಆರು ವಾರ ರಜೆ ಬರೆದಿದ್ದಾರೆ. ಇವತ್ತು ಅಂಬುಜಮ್ಮ ಅವನಿಗೆ ಮೂರು ಸಲ ಬಡಿಸಿದರು. ರೊಟ್ಟಿ ಮಾಡುವುದು ಹೇಗೆಂದು ಅವನಿಂದಲೇ ಕೇಳಿ ಬರೆದುಕೊಂಡರು. ಪಾಪ, ಹುಡುಗ ನಿಧಾನಕ್ಕೆ ಬಾಯಿ ಬಿಟ್ಟ. "ಡಬಲ್ ಹಳದಿ ಐತ್ರಿ!" ಎಂದು ಅವನು ಕೂಗಿದ್ದಕ್ಕೆ ರಾಗಿಣಿ ಮೇಡಂ ಕೂಡ "ಐತ್ರಿ!" ಎಂದು ಕೂಗಿದರು. ಈಗ ಅವರಿಗೆ ನಾಚಿಕೆಯಿಲ್ಲ.

ಸೆಪ್ಟೆಂಬರ್ 21, ಭಾನುವಾರ

ಬಸವೇಶ್ವರನಗರದ ಸಮುದಾಯ ಭವನದಲ್ಲಿ ನಮ್ಮ ಅಂಬುಜಾಪುರದ ಪ್ರದರ್ಶನ ಇತ್ತು. ಮೇಜನ್ನು ನಾಲ್ಕು ತುಂಡು ಮಾಡಿ ಟೆಂಪೋದಲ್ಲಿ ಸಾಗಿಸಿದೆವು. ದಾರಿಯಲ್ಲಿ ತೆಂಗಿನ ಮರಗಳೆಲ್ಲ ಉರುಳಿದ್ದವು, ಅಂಟಿಸಿದ್ದಾಯಿತು. ನನ್ನ ಟೈಮ್‌ಟೇಬಲ್ ಪ್ರಕಾರ ನಾಲ್ಕು ಗಂಟೆ ಕಾಲ ಗಾಡಿ ಓಡಿಸಿದೆವು. ಒಂದೂ ಗುದ್ದಲಿಲ್ಲ. ಕುಸುಮಾ ಕೂಡ ಒಂದು ಗಾಡಿ ಓಡಿಸಿದಳು, ನನಗಿಂತ ಮೆತ್ತಗೆ ನಿಲ್ಲಿಸಿದಳು.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಅಜ್ಜಿ ಬಂದರು. ಎಪ್ಪತ್ತು ದಾಟಿರಬೇಕು. ಶ್ರೀಗಂಧದ ಕಾವಲಿನ ಮಗಳ ಮನೆಯಲ್ಲಿದ್ದಾರಂತೆ, ಹೆಸರು ಪಾಪಮ್ಮ. ಬಹಳ ಹೊತ್ತು ಗಾಡಿಯನ್ನೇ ನೋಡಿ ನನ್ನ ಹತ್ತಿರ ಬಂದರು.

"ನೀನು ದಿಟದ ರೈಲು ಓಡಿಸ್ತೀಯಂತೆ, ಆಯಮ್ಮ ಹೇಳಿದ್ರು." ಅಂಬುಜಮ್ಮನ ಕಡೆ ಕೈ ತೋರಿಸಿದರು.

"ಹೂಂ ಕಣಮ್ಮ, ಓಡಿಸ್ತೀನಿ."

"ರಾಮನಗರದಿಂದ ಸೊಪ್ಪು ಹೊತ್ಕೊಂಡು ಮೂವತ್ ವರ್ಷ ಬೆಳಗಿನ್ ಗಾಡೀಲಿ ಬಂದಿವ್ನಿ ಕಣಪ್ಪ. ಒಂದ್ ದಿನಾನೂ ಓಡ್ಸೋನ ಮಕ ನೋಡ್ಲಿಲ್ಲ. ಇಳಿತಿದ್ದಂಗೇ ಮಾರ್ಕೆಟ್ಟಿಗೆ ಓಡೋದು, ಸಂಜೆ ಆದ್ರೆ ಗಾಡಿಗೆ ಓಡೋದು. ದಿನಾ ನನ್ ಮಕ್ಳ ತಾವ್ಕೆ ತಂದ್ ಬಿಟ್ರಲ್ಲ, ಒಳ್ಳೇದಾಗ್ಲಿ ಅಂತ ಯಾರ್ಗೂ ಹೇಳಕ್ಕಾಗಿರ್ಲಿಲ್ಲ. ನಿಂಗ್ ಹೇಳ್ತೀನಿ, ತಗೋ."

ಎರಡೂ ಕೈಯಿಂದ ನನ್ನ ಮುಖ ಸವರಿ ನೆಟಿಕೆ ಮುರಿದರು.  ಕಲ್ಮೇಶ್ ಪಕ್ಕದಲ್ಲಿ ನಿಂತಿದ್ದ. "ಇವನಿಗೂ ಹೇಳಮ್ಮ, ಇವನೂ ನನ್ನ ಜೊತೆ ಇರ್ತಾನೆ" ಎಂದೆ. ಅವನಿಗೂ ನೆಟಿಕೆ ಮುರಿದರು.

ಹತ್ತೊಂಬತ್ತು ವರ್ಷ. ಒಂದು ಗಾಡಿಗೆ ಸಾವಿರ ಜನ ಎಂದುಕೊಂಡರೂ ಎಷ್ಟು ಜನ ಮನೆ ಸೇರಿರಬೇಕು! ಆ ಲೆಕ್ಕವನ್ನು ನಾನು ಯಾವತ್ತೂ ಹಾಕಿರಲಿಲ್ಲ. ಒಬ್ಬನನ್ನು ಮಾತ್ರ ಎಣಿಸುತ್ತ ಕೂತಿದ್ದೆ. ಆ ಒಬ್ಬನನ್ನು ಮರೆಯುವುದಿಲ್ಲ. ಆದರೆ ಉಳಿದವರೂ ಇದ್ದಾರೆ.

ಸೆಪ್ಟೆಂಬರ್ 23, ಮಂಗಳವಾರ

ಹರಿದು ಹಾಕೋಣವೆಂದು ಅರ್ಜಿಯನ್ನು ಹುಡುಕಿದೆ. ಸಿಗಲಿಲ್ಲ. ಕುಸುಮಾ ಅದರ ಹಿಂದೆ ದಿನಸಿ ಪಟ್ಟಿ ಬರೆದು ಆಗಸ್ಟಿನಲ್ಲೇ ಅಂಗಡಿಗೆ ಕೊಟ್ಟಿದ್ದಾಳಂತೆ.

"ತಾರೀಖು ಇರ್ಲಿಲ್ವಲ್ಲ, ರದ್ದಿ ಅಂದ್ಕೊಂಡೆ" ಎಂದಳು.

ಅಕ್ಟೋಬರ್ 16, ಗುರುವಾರ

ಮೆಡಿಕಲ್ ಪಾಸಾಯಿತು. ಮೂರು ತಿಂಗಳಿಗಿಂತ ಹೆಚ್ಚು ದೂರವಿದ್ದವನು ದಾರಿಯನ್ನು ಮತ್ತೆ ಕಲಿಯಬೇಕು. ಬೇರೊಬ್ಬ ಪೈಲಟ್ ಹಿಂದೆ ನಿಂತು ನೋಡುತ್ತ ಹೋಗುವುದು. ಇಂದು ಮೊದಲನೆಯದು. ಆ ತಿರುವಿನಲ್ಲಿ ಕಂಬಿ ಹಿಡಿದುಕೊಂಡೆ. ಕಣ್ಣು ಮುಚ್ಚಲಿಲ್ಲ.

ನವೆಂಬರ್ 12, ಬುಧವಾರ

ಇಂದು ನಾನೇ ಓಡಿಸಿದೆ. ಅದೇ ಬೆಳಗಿನ ಪ್ಯಾಸೆಂಜರ್, ಮೈಸೂರಿನಿಂದ. ಕಲ್ಮೇಶನನ್ನೇ ಜೊತೆಗೆ ಕೊಡಿ ಎಂದು ಕೇಳಿಕೊಂಡಿದ್ದೆ, ಕೊಟ್ಟರು.

ಮಂಡ್ಯ ದಾಟುವಾಗ ಮಂಜು ಇತ್ತು. ರಾಮನಗರದಲ್ಲಿ ಸೊಪ್ಪಿನ ಮೂಟೆ ಹೊತ್ತ ಹೆಂಗಸರು ಹತ್ತಿದರು. ಎಲ್ಲರೂ ಹತ್ತುವವರೆಗೆ ಕಿಟಕಿಯಿಂದ ಹಿಂದೆ ನೋಡುತ್ತಿದ್ದೆ. ತಿರುವು ಬಂತು. ಕಲ್ಮೇಶ್ ಕೈ ಚಾಚಿ ಗಟ್ಟಿಯಾಗಿ "ಹಸಿರು!" ಎಂದ. ನಾನೂ ಕೂಗಿದೆ. ಓರೆಗಣ್ಣಿನಲ್ಲಿ ನೋಡಿದೆ, ಅವನ ಕಣ್ಣು ತೆರೆದಿತ್ತು. ಉದ್ದಕ್ಕೆ ಹಾರ್ನ್ ಹೊಡೆದೆ. ಹಳಿಯಿಂದ ದೂರದಲ್ಲಿ ಇಬ್ಬರು ನಿಂತು ಗಾಡಿ ಹೋಗಲೆಂದು ಕಾಯುತ್ತಿದ್ದರು. "ದುಂಡಪ್ಪನವರೇ, ಕ್ಷಮಿಸಿ" ಎಂದೆ, ಗಟ್ಟಿಯಾಗಿಯೇ. ಕಲ್ಮೇಶ್ "ಕ್ಷಮಿಸ್ರಿ" ಎಂದ. ಆಮೇಲೆ ಮುಂದಿನ ಸಿಗ್ನಲ್ ಬಂತು.

ಮನೆಗೆ ಬಂದಾಗ ಹನ್ನೊಂದೂವರೆ. ಕುಸುಮಾ ಬಾಗಿಲಲ್ಲೇ ಇದ್ದಳು.

"ಹೆಂಗಾಯ್ತು?"

"ಎರಡು ನಿಮಿಷ ಲೇಟು."

"ಅಷ್ಟೇನಾ?"

"ಅಷ್ಟೇ ಕಣೇ."

ಅವಳು ಹೊಸಿಲ ಮೇಲೆ ಕುಸಿದು ಕೂತು ಅತ್ತುಬಿಟ್ಟಳು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಚಿಕ್ಕ ಮಗುವಿನ ಹಾಗೆ. ಇಷ್ಟು ತಿಂಗಳು ಇವಳು ಒಂದು ಸಲವೂ ನನ್ನೆದುರು ಅತ್ತಿರಲಿಲ್ಲ. ಎಲ್ಲಿ ಅಳುತ್ತಿದ್ದಳೋ, ನಾನು ಕೇಳಿರಲಿಲ್ಲ. ಯೂನಿಫಾರ್ಮಿನಲ್ಲೇ ಪಕ್ಕದಲ್ಲಿ ಕೂತೆ. ಅವಳ ಅಳು ಮುಗಿಯುವವರೆಗೆ ಕೂತೇ ಇದ್ದೆ. ಆಮೇಲೆ ಅವಳನ್ನು ಏಳಗೊಡದೆ ಒಳಗೆ ಹೋಗಿ ಸಾರಿಗೆ ನಾನೇ ಒಗ್ಗರಣೆ ಹಾಕಿದೆ. ಇಂಗು ಜಾಸ್ತಿಯಾಯಿತು. ಇಬ್ಬರೂ ಎರಡು ಸಲ ಬಡಿಸಿಕೊಂಡೆವು.